ಐದನೇ ಮಹಡಿಯ ಕಡಲು

ನಮ್ಮ ಮೆಟ್ಟಿಲಿನ ಮನೆಗಳಲ್ಲಿ ಕಡಲು ಕಂಡವರು ಒಬ್ಬರೂ ಇಲ್ಲ. ಆದರೂ ಕಡಲು ನಮ್ಮ ಕಟ್ಟಡದಲ್ಲೇ ಇದೆ, ಐದನೇ ಮಹಡಿಯಲ್ಲಿ, ಕುಲ್ಯಾಶಳ ನಡುಮನೆಯಲ್ಲಿ. ಎತ್ತ ನೋಡಿದರೂ ಹುಲ್ಲುಗಾವಲು, ಇಲ್ಲದಿದ್ದರೆ ಕಲ್ಲಿದ್ದಲಿನ ದಿಬ್ಬ. ಅಂಥ ಈ ಕರಗಂಡ ಊರಿನಲ್ಲಿ ಅವಳ ಕಿರಿಮಗ ಎರ್ನಾರ್ ಚೀಲದ ಉಪ್ಪನ್ನು ಸೋಸಿದ ನೀರಿಗೆ ಕಲಸಿ ಅದನ್ನು ಮಾಡಿದ. ದೊಡ್ಡ ಗಾಜಿನ ತೊಟ್ಟಿ, ಮೇಲೆ ನೀಲಿ ದೀಪ, ಒಳಗೆ ಹವಳ, ಕಿತ್ತಳೆ ಬಣ್ಣದ ಎರಡು ಮೀನು. ಹುಡುಗನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದವಳು ನಾನು. ಆಮೇಲೆ ವಾರಕ್ಕೊಮ್ಮೆಯಾದರೂ ಹತ್ತಿ ಹೋಗಿ ಅದರ ಮುಂದೆ ಚಹಾ ಕುಡಿಯುತ್ತ ಕೂರುತ್ತಿದ್ದವಳೂ ನಾನೇ.

ನಾನು ರೈಖಾನ್, ಎರಡನೇ ಮಹಡಿಯವಳು. ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದೆ. ಹುಲ್ಲುಗಾವಲಿನ ಯಾವ ಗಿಡದ ಒಣಕಡ್ಡಿ ತಂದುಕೊಟ್ಟರೂ ಹೆಸರು ಹೇಳುತ್ತೇನೆ. ನನ್ನ ಹತ್ತಿರ ಹಿತ್ತಾಳೆ ಹಿಡಿಯ ಒಂದು ಭೂತಗನ್ನಡಿ ಇತ್ತು, ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಒಂದು ದಿನ ಎರ್ನಾರ್ ಮೂರು ಮಹಡಿ ಧಡಧಡನೆ ಇಳಿದು ಬಂದು ನನ್ನ ಬಾಗಿಲಲ್ಲಿ ನಿಂತು "ಸುಯಿನ್ಶಿ!" ಎಂದು ಕೂಗಿದ. ಒಳ್ಳೆಯ ಸುದ್ದಿ ತಂದವರು ಹಾಗೆ ಕೂಗಿದರೆ ನಾವು ಬಾಗಿಲು ತೆಗೆಯಲೇಬೇಕು, ಸುದ್ದಿ ಕೇಳುವ ಮೊದಲೇ ಕೈಗೆ ಸಿಕ್ಕಿದ್ದನ್ನು ಉಡುಗೊರೆ ಕೊಡಬೇಕು. ಆಗ ನನ್ನ ಕೈಯಲ್ಲಿ ಇದ್ದದ್ದು ಆ ಭೂತಗನ್ನಡಿಯೇ. ಕೊಟ್ಟೆ. ಸುದ್ದಿ ಏನೆಂದರೆ ಅವನ ಹವಳ ಕವಲೊಡೆದಿತ್ತಂತೆ. ಅಷ್ಟಕ್ಕೆ ನನ್ನ ಕನ್ನಡಿ ಹೋಯಿತಲ್ಲ ಎಂದು ಸಂಜೆಯವರೆಗೆ ಗೊಣಗಿದೆ.

ಹೋದ ಚಳಿಗಾಲ ಬಾಲ್ಖಾಶ್ ರಸ್ತೆಯ ಹಿಮದಲ್ಲಿ ಅವನ ಕಾರು ಲಾರಿಯ ಕೆಳಗೆ ಹೋಯಿತು. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ. ನಲವತ್ತನೇ ದಿನದ ಊಟಕ್ಕೆ ಅಲ್ಮಾಟಿಯಿಂದ ಅವನ ಗೆಳೆಯರು ಬಂದರು, ಅವನ ಹಾಗೆಯೇ ಮನೆಯಲ್ಲಿ ಕಡಲು ಸಾಕುವವರು. ಸಾವಿನ ಮನೆಗೆ ಬರಿಗೈಲಿ ಬರುವುದುಂಟೇ? ಅವರು ತಮ್ಮ ತೊಟ್ಟಿಯಿಂದ ಒಂದು ಕಲ್ಲನ್ನು ಉಪ್ಪುನೀರಿನ ಡಬ್ಬಿಯಲ್ಲಿಟ್ಟು ತಂದು ಎರ್ನಾರನ ತೊಟ್ಟಿಯಲ್ಲಿ ಇಳಿಸಿ, ಕಣ್ಣೊರೆಸಿಕೊಂಡು ಹೋದರು. ಅದು ಜೀವವಿರುವ ಕಲ್ಲು, ಕಾಣದ್ದೆಲ್ಲ ಅದರಲ್ಲಿ ಬೆಳೆಯುತ್ತದೆ ಎಂದು ಹೇಳಿದ್ದರು.

ಕಾಣದ್ದು ಬೇಸಿಗೆ ಕಳೆಯುವಷ್ಟರಲ್ಲಿ ಕಾಣತೊಡಗಿತು. ಕುಲ್ಯಾಶಳ ಹಿರಿಮಗ ದೂರದ ಎಣ್ಣೆಬಾವಿಯಲ್ಲಿ ಕೆಲಸ ಮಾಡುತ್ತಾನೆ, ವರ್ಷದಲ್ಲಿ ಅರ್ಧ ಮನೆಯಲ್ಲಿರುವುದಿಲ್ಲ. ಮೀನು, ನೀರು, ಉಪ್ಪು ಎಲ್ಲ ಅವನ ಹೆಂಡತಿ ಶೋಲ್ಪಾನಳ ತಲೆಗೆ ಬಿತ್ತು. ಒಳ್ಳೆಯ ಹುಡುಗಿ. ಬೇಕರಿಯಲ್ಲಿ ದುಡಿದು ಬಂದು, ಮೈದುನನ ತೊಟ್ಟಿಯ ಗಾಜು ಉಜ್ಜುತ್ತಾಳೆ. ಕಲ್ಲಿನ ಮೇಲೆ ಹೆಸರು ಗೊತ್ತಿಲ್ಲದ ಗಿಡಗಳು ಎದ್ದಿವೆ, ಎರ್ನಾರನ ಹವಳ ಅವುಗಳ ಪಕ್ಕದಲ್ಲಿ ಬಿಳುಚಿಕೊಳ್ಳುತ್ತಿದೆ, ಬಂದು ನೋಡಿ ಎಂದು ಅವಳು ನನ್ನನ್ನು ಕರೆದಳು. ಹೋದೆ. ಶೋಕೇಸಿನಲ್ಲಿದ್ದ ನನ್ನದೇ ಭೂತಗನ್ನಡಿಯನ್ನು ಕುಲ್ಯಾಶ್ ತಂದು ನನ್ನ ಕೈಗಿಟ್ಟಳು.

ನಾನು ಮೂಗನ್ನು ಗಾಜಿಗೆ ಒತ್ತಿಕೊಂಡು ಕೂತೆ. ಮೂರು ಬಗೆ ಇದ್ದವು. ಒಂದು, ಹಸಿರು ಮಣಿಗಳ ಹಾಗೆ ಹೊಳೆಯುವ ಗುಳ್ಳೆ. ಅದು ಪಾಚಿಯ ಜಾತಿ, ಒಡೆದರೆ ಬೀಜಕಣ ಚೆಲ್ಲಿ ಇನ್ನಷ್ಟಾಗುತ್ತದೆ, ಒಡೆಯದೆ ಇಡಿಯಾಗಿ ಬಿಡಿಸಿ ತೆಗೆಯಬೇಕು ಎಂದೆ. ಇನ್ನೊಂದು ಹಸಿರು ಗರಿ. ನೆಲಕ್ಕಂಟಿದ ಬಳ್ಳಿ ಹರಿಯುತ್ತ ಹೋಗಿ ಬೆರಳಗಲಕ್ಕೊಂದು ಕಡೆ ಗರಿ ಎಬ್ಬಿಸಿತ್ತು. ನೋಡಲು ಬಲು ಚೆಂದ. ಆದರೆ ನಾನು ಕಳೆಯನ್ನು ಅದರ ನಡೆಯಿಂದಲೇ ಗುರುತಿಸುತ್ತೇನೆ. ಸಿಕ್ಕ ಜಾಗವನ್ನೆಲ್ಲ ತನ್ನದು ಎನ್ನುವ ಗಿಡ ಹುಲ್ಲುಗಾವಲಲ್ಲಿದ್ದರೂ ಕಳೆ, ಉಪ್ಪುನೀರಲ್ಲಿದ್ದರೂ ಕಳೆ. ಮೂರನೆಯದು ನನ್ನನ್ನು ಕಾಡಿತು. ಕಂದು ಬಣ್ಣದ ಗುಂಡಿಗಳ ಹಾಗೆ ಒತ್ತೊತ್ತಾಗಿ, ಅಂಚಿಗೆ ಸಣ್ಣ ಎಸಳಿನ ಸಾಲು. ಥೇಟ್ ಹೂವು. ಶೋಲ್ಪಾನ್ ಅದನ್ನು ಕಡಲಹೂವಿನ ಗಿಡ ಎಂದೇ ಕರೆಯುತ್ತಿದ್ದಳು. ಎಲೆ ಎಲ್ಲಿ, ಕಾಂಡ ಎಲ್ಲಿ ಎಂದು ಹುಡುಕಿದೆ, ಸಿಗಲಿಲ್ಲ. ಮರದ ಚಮಚದ ಹಿಡಿಯಿಂದ ಮೆಲ್ಲನೆ ತಟ್ಟಿದೆ. ಅಷ್ಟೂ ಹೂವು ಒಮ್ಮೆಗೇ ಬಾಯಿ ಮುಚ್ಚಿಕೊಂಡವು. ಸ್ವಲ್ಪ ಹೊತ್ತಿಗೆ ತೆರೆದಾಗ ಮೀನಿನ ಚೂರೊಂದನ್ನು ಒಂದರ ಮೇಲೆ ಬೀಳಿಸಿದೆ. ಅದು ಎಸಳು ಮಡಚಿ ನುಂಗಿಬಿಟ್ಟಿತು.

"ಇದು ಗಿಡ ಅಲ್ಲ ಕಣೇ, ಪ್ರಾಣಿ" ಎಂದೆ.

"ಕಣ್ಣಿಲ್ಲ, ಕಾಲಿಲ್ಲ, ಇದೆಂಥ ಪ್ರಾಣಿ?" ಎಂದಳು ಕುಲ್ಯಾಶ್.

"ನುಂಗಿದ್ದು ನೋಡ್ಲಿಲ್ವಾ? ಗಿಡ ನುಂಗುತ್ತಾ? ನಿನ್ನ ಹವಳಾನ ಸುಡ್ತಾ ಇರೋದೂ ಇದೇ."

ಯಾವ ಪ್ರಾಣಿ ಎಂದು ಶೋಲ್ಪಾನ್ ಕೇಳಿದಳು. ಅದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದೆ. ಫೋಟೋ ತೆಗೆದು ಅಲ್ಮಾಟಿಯವರಿಗೆ ಕಳಿಸು ಎಂದೆ. ಇಷ್ಟಕ್ಕೆ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಕಳೆ ಕಂಡೂ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅಂಗಿಯ ತೋಳು ಮಡಚಿ, ನೀರಿಗೆ ಕೈ ಇಳಿಸಿ, ಹಸಿರು ಗರಿಯನ್ನು ಬಳ್ಳಿಸಮೇತ ಎಳೆದು ಕಿತ್ತು ಬಟ್ಟಲಿಗೆ ಹಾಕಿದೆ.

ಹಸಿರನ್ನು ಕೀಳಬಾರದು ಎನ್ನುವುದು ನಮ್ಮವರ ಹಳೆಯ ನಿಷೇಧ. ಕಿತ್ತರೆ ಆ ಮನೆಯಲ್ಲಿ ಎಳೆಯ ಜೀವ ಬಾಡುತ್ತದೆ ಎನ್ನುತ್ತಾರೆ. ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಗಿಡ ಕೀಳಿಸಿದವಳು ನಾನು, ಇದನ್ನೆಲ್ಲ ಕಿವಿಗೆ ಹಾಕಿಕೊಂಡವಳಲ್ಲ. ಕುಲ್ಯಾಶ್ ಬಟ್ಟಲನ್ನೇ ನೋಡುತ್ತ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನನ್ನ ಮಗ ಹಸಿರಾಗಿರೋವಾಗ್ಲೇ ಹೋದ" ಎಂದಳು. "ಅವನ ನೀರಿಗೇ ಕೈ ಹಾಕಿ ಕೀಳ್ತೀಯಲ್ಲ ನೀನು. ಎದ್ದೇಳು. ಇನ್ನು ಈ ಹೊಸ್ತಿಲು ತುಳೀಬೇಡ."

ನಾನೂ ಸುಮ್ಮನೆ ಬರಲಿಲ್ಲ. ಕಳೆಗೂ ಮಗನಿಗೂ ಗಂಟು ಹಾಕುವ ನಿನ್ನ ಬುದ್ಧಿಗಿಷ್ಟು ಎಂದು ಹೇಳಿಯೇ ಬಂದೆ. ಮಾತು ನಿಂತಿತು. ಬೀದಿಯಲ್ಲಿ ಎದುರು ಸಿಕ್ಕರೆ ಅವಳು ಬ್ರೆಡ್ ಅಂಗಡಿಯ ಬೋರ್ಡು ಓದುವಳು, ನಾನು ಆಕಾಶ ನೋಡುವೆನು. ಶುಕ್ರವಾರ ಸತ್ತವರ ಹೆಸರಿನಲ್ಲಿ ಅವಳು ಎಣ್ಣೆಯಲ್ಲಿ ಕರಿದ ರೊಟ್ಟಿಯನ್ನು ಮೆಟ್ಟಿಲಿನ ಎಲ್ಲ ಮನೆಗೂ ಹಂಚುತ್ತಾಳೆ, ನನ್ನ ಮನೆಗೆ ಮಾತ್ರ ಬರಲಿಲ್ಲ. ವಾಸನೆ ಬರುತ್ತಿತ್ತು. ಅದನ್ನು ತಡೆಯಲು ಅವಳಿಂದಾಗಲಿಲ್ಲ.

ಹೀಗೇ ಚಳಿಗಾಲ ಬಂತು. ಎರ್ನಾರನ ವರ್ಷದ ಊಟಕ್ಕೆ ಎರಡು ದಿನ ಉಳಿದಿತ್ತು. ಅವತ್ತು ಶುಕ್ರವಾರ, ಹೊರಗೆ ಹಿಮಗಾಳಿ ಎದುರುಮನೆ ಕಾಣದ ಹಾಗೆ ಬೀಸುತ್ತಿತ್ತು. ಮಧ್ಯಾಹ್ನ ಫೋನು ಬಡಿದುಕೊಂಡಿತು. ಶೋಲ್ಪಾನ್, ಓಡುತ್ತ ಮಾತಾಡುವವಳ ಹಾಗೆ ಏದುಸಿರು ಬಿಡುತ್ತಿದ್ದಳು. ಹಿರಿಯ ಹೆಂಗಸರನ್ನು ನಮ್ಮಲ್ಲಿ ತಾತೆ ಎಂದು ಕರೆಯುತ್ತಾರೆ.

"ರೈಖಾನ್ ತಾತೆ, ಮನೇಲಿದ್ದೀರಾ? ಅತ್ತೆ ಫೋನ್ ಎತ್ತುತ್ತಾ ಇಲ್ಲ. ಊಟಕ್ಕೆ ಬಂದವರ ಮುಂದೆ ಮಗನ ತೊಟ್ಟಿ ಹೊಲಸಾಗಿರಬಾರದು ಅಂತ ಇವತ್ತು ಆ ಕಲ್ಲನ್ನ ತೆಗೆದು ತೊಳೀತೀನಿ ಅಂದಿದ್ರು. ಗಿಡ ಆಗಿದ್ರೆ ಮುಟ್ಟುತ್ತಾ ಇರ್ಲಿಲ್ಲ. ಪ್ರಾಣಿ ಅಂತ ನೀವೇ ಹೇಳಿದ್ರಲ್ಲ, ಪ್ರಾಣಿ ಅಂದ್ಮೇಲೆ ಬೋಟಿ ತೊಳೆದ ಹಾಗೆ ತೊಳೆದ್ರಾಯ್ತು ಅಂದ್ರು."

ಬೋಟಿ ತೊಳೆಯುವುದು ನಮ್ಮಲ್ಲಿ ಯಾವ ಹೆಂಗಸಿಗೆ ಗೊತ್ತಿಲ್ಲ? ಕಜಾನ್ ಎಂಬ ಕಬ್ಬಿಣದ ದೊಡ್ಡ ಕಡಾಯಿಯಲ್ಲಿ ನೀರು ಕುದಿಸಿ, ಕುರಿಯ ಹೊಟ್ಟೆಯನ್ನು ಮುಳುಗಿಸಿ, ಚಾಕುವಿನಿಂದ ಬೆಳ್ಳಗಾಗುವವರೆಗೆ ಹೆರೆಯುವುದು. ಅದರಲ್ಲೇನು, ಹೆರೆಯಲಿ ಬಿಡು ಎಂದೆ.

"ಆ ಜಗಳದಲ್ಲಿ ಫೋಟೋ ಕಳಿಸೋದು ಮರ್ತಿದ್ದೆ, ಇವತ್ತು ಬೆಳಿಗ್ಗೆ ಕಳಿಸಿದೆ. ಈಗ ತಾನೇ ಅಲ್ಮಾಟಿಯಿಂದ ಉತ್ತರ ಬಂತು, ತಾತೆ. ಅದರ ಲೋಳೇಲಿ ವಿಷ ಇದೆಯಂತೆ. ಗಾಯದ ಕೈಗೆ ತಾಗಬಾರದಂತೆ. ಕುದಿಸಿದ್ರೆ ಆವಿಯಲ್ಲಿ ಬರುತ್ತಂತೆ, ಉಸಿರಲ್ಲಿ ಹೋದ್ರೆ ಎದೆ ಹಿಡಿಯುತ್ತಂತೆ. ಹಾಗೆ ಕುದಿಸಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದಾರಂತೆ. ನಮ್ಮ ಬಸ್ಸು ಹಿಮದಲ್ಲಿ ಸಿಕ್ಕಿಕೊಂಡಿದೆ. ಆಂಬುಲೆನ್ಸಿಗೆ ಹೇಳಿದ್ದೀನಿ. ನೀವು ಹತ್ತಿ ಹೋಗಿ."

ಚಪ್ಪಲಿಯಲ್ಲೇ ಹೊರಟೆ. ನನ್ನ ಮಂಡಿ ಮೂರು ಮಹಡಿಯ ಮಂಡಿಯಲ್ಲ, ಆದರೂ ಮೆಟ್ಟಿಲಿನ ಕಂಬಿ ಹಿಡಿದು ಮೈ ಎಳೆದುಕೊಂಡು ಹತ್ತಿದೆ. ನಾಲ್ಕನೇ ಮಹಡಿಯಲ್ಲಿ ಮೂಗಿಗೆ ಬಡಿದದ್ದು ಕರಿದ ಎಣ್ಣೆಯ ವಾಸನೆಯಲ್ಲ. ಶುಕ್ರವಾರ ಆ ಹೊತ್ತಿಗೆ ಮೆಟ್ಟಿಲೆಲ್ಲ ರೊಟ್ಟಿಯ ಘಮ ಇರಬೇಕಿತ್ತು. ಅವತ್ತು ಇದ್ದದ್ದು ಉಪ್ಪಿನ, ಕೊಳೆತ ಮೀನಿನ ವಾಸನೆ. ಕಲ್ಲು ಆಗಲೇ ತೊಟ್ಟಿಯಿಂದ ಹೊರಗೆ ಬಂದಿತ್ತು. ಅವಳ ಅಡುಗೆಮನೆಯ ಕಿಟಕಿಗೆ ಎಲ್ಲರ ಮನೆಯ ಹಾಗೆ ಚಳಿಗೆ ಮುಂಚೆಯೇ ಸಂದುಸಂದಿಗೂ ಕಾಗದ ಅಂಟಿಸಿ ಆಗಿತ್ತು. ಅಲ್ಲಿ ಎದ್ದ ಆವಿ ಹೊರಗೆ ಹೋಗಲು ಸೂಜಿಯಷ್ಟೂ ದಾರಿಯಿರಲಿಲ್ಲ.

ಬಾಗಿಲು ಬಡಿದೆ. ಒಳಗೆ ಹೆಜ್ಜೆಯ ಸದ್ದು ಹತ್ತಿರ ಬಂತು.

"ಯಾರು?"

"ನಾನು. ಕುಲ್ಯಾಶ್, ಒಲೆ ಆರಿಸು. ಆ ಕಲ್ಲಲ್ಲಿ ವಿಷ ಇದೆ."

ಬಾಗಿಲಿನ ಆಚೆಯಿಂದಲೇ ಉತ್ತರ ಬಂತು.

"ಅವತ್ತು ಗರಿ ಕಿತ್ತೆ, ಇವತ್ತು ಕಲ್ಲಿಗೂ ಬಂದ್ಯಾ? ನನ್ನ ಮಗನ ಕೆಲಸ ನಾನು ಮಾಡ್ಕೋತೀನಿ. ನೀನು ಕೆಳಗೆ ಹೋಗಿ ನಿನ್ನ ಒಣಹುಲ್ಲು ಎಣಿಸು."

ನಾನು ಬಡಿದೆ, ಶೋಲ್ಪಾನಳ ಹೆಸರು ಹೇಳಿದೆ, ಅಲ್ಮಾಟಿಯ ಹೆಸರು ಹೇಳಿದೆ. ನಿನ್ನ ಬಾಯಿಂದ ಬಂದರೆ ನಿಜವೂ ನಂಬುವುದಿಲ್ಲ ಎಂದಳು. ಮಾತಿನ ನಡುವೆ ಎರಡು ಸಲ ಕೆಮ್ಮಿದಳು, ಒಣ ಕೆಮ್ಮು. ಹೆಜ್ಜೆಯ ಸದ್ದು ಮತ್ತೆ ಒಳಗೆ ಹೋಯಿತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕಬ್ಬಿಣದ ಬಾಗಿಲು, ಒಡೆಯುವ ಮಾತೇ ಇಲ್ಲ. ಪಕ್ಕದ ಮನೆಗೆ ಬೀಗ. ಹಠಮಾರಿ ಹೆಂಗಸು ಅಲ್ಲೇ ಒಳಗೆ ಉಸಿರುಗಟ್ಟಿ ಬೀಳುತ್ತಾಳೆ, ನಾನು ಇಲ್ಲಿ ಚಪ್ಪಲಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ.

ಆಗ ನನ್ನ ಬಾಯಿಂದ ಅದು ಬಂತು. ಮೆಟ್ಟಿಲೆಲ್ಲ ಕೇಳುವ ಹಾಗೆ ಕೂಗಿದೆ.

"ಸುಯಿನ್ಶಿ, ಕುಲ್ಯಾಶ್! ಸುಯಿನ್ಶಿ!"

ಸುದ್ದಿ ಇಲ್ಲದೆ ಹಾಗೆ ಕೂಗುವವರು ನಮ್ಮಲ್ಲಿಲ್ಲ. ಕುಡುಕರೂ ಆ ಸುಳ್ಳು ಹೇಳುವುದಿಲ್ಲ. ಹೆಜ್ಜೆ ನಿಂತಿತು. ಚಿಲಕ ಸರಿಯಿತು.

ಬಾಗಿಲಲ್ಲಿ ನಿಂತವಳ ಮುಖ ನಾನು ಸಾಯುವವರೆಗೂ ಮರೆಯುವಂತಿಲ್ಲ. ಒಂದು ವರ್ಷದಿಂದ ಆ ಮನೆಗೆ ಒಳ್ಳೆಯ ಸುದ್ದಿ ಅಂತ ಒಂದೂ ಬಂದಿರಲಿಲ್ಲ. ಹೆಗಲ ಮೇಲಿನ ಮೇಕೆತುಪ್ಪಳದ ಶಾಲನ್ನು ಆಗಲೇ ತೆಗೆದು ನನ್ನತ್ತ ಚಾಚಿದ್ದಳು. ಹೆಬ್ಬೆರಳಿಗೆ ಬಟ್ಟೆಯ ಚಿಂದಿ ಸುತ್ತಿತ್ತು, ಅದರಲ್ಲಿ ರಕ್ತ ಒಸರಿತ್ತು.

"ಶೋಲ್ಪಾನ್‌ದಾ?" ಎಂದಳು. "ಬಸುರಿ ಏನಾದ್ರೂ ಆದ್ಲಾ?"

ನಾನು ಶಾಲು ಕಿತ್ತುಕೊಂಡೆ, ಮೂಗಿಗೂ ಬಾಯಿಗೂ ಒತ್ತಿ ಹಿಡಿದು ಅವಳನ್ನು ಸರಿಸಿ ಒಳಗೆ ನುಗ್ಗಿದೆ. ನಡುಮನೆಯ ಬಾಗಿಲು ತೆರೆದಿತ್ತು, ತೊಟ್ಟಿಯ ನೀಲಿ ಬೆಳಕು ಕಂಡಿತು. ಆ ಬಾಗಿಲನ್ನು ಎಳೆದು ಮುಚ್ಚಿದೆ. ಅಡುಗೆಮನೆಯಲ್ಲಿ ಕಲ್ಲು ಕಜಾನಿನ ನೀರೊಳಗಿತ್ತು. ಅರ್ಧ ಹೆರೆದಾಗಿತ್ತು. ಕಂದು ಲೋಳೆ ಹತ್ತಿದ ಚಾಕು ಪಕ್ಕದಲ್ಲಿ ಬಿದ್ದಿತ್ತು. ಕುದಿ ಇನ್ನೂ ಬಂದಿರಲಿಲ್ಲ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು, ಮೇಲೆ ತೆಳ್ಳಗೆ ಆವಿ ಹಬ್ಬಿತ್ತು. ಒಲೆ ಆರಿಸಿದೆ. ಮುಚ್ಚಳ ಹಾಕಿದೆ. ಗೋಡೆಯ ಕಬ್ಬಿಣದ ಸೌಟು ತೆಗೆದು ಕಿಟಕಿಗೆ ಎತ್ತಿದೆ.

ಕುಲ್ಯಾಶ್ ಹಿಂದಿನಿಂದ ನನ್ನ ತೋಳು ಹಿಡಿದಳು. ಆ ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಕಿಟಕಿ ಮುಟ್ಟಬೇಡ. ಅವನ ನೀರು ತಣ್ಣಗಾಗುತ್ತೆ. ಮೀನು ಸಾಯುತ್ತೆ."

"ನೀರು ಮತ್ತೆ ಬಿಸಿ ಮಾಡ್ಬಹುದು" ಎಂದೆ. "ನಿನ್ನನ್ನ ಮಾಡಕ್ಕಾಗಲ್ಲ."

ಎರಡು ಪದರ ಗಾಜು, ಎರಡು ಏಟು. ಹಿಮಗಾಳಿ ಒಳಗೆ ನುಗ್ಗಿತು. ಅವಳನ್ನು ಎಳೆದುಕೊಂಡು ಹೊರಬಂದು ಅಡುಗೆಮನೆಯ ಬಾಗಿಲು ಹಾಕಿ, ಅದರ ಅಡಿಗೆ ನೆಲದ ಹಾಸು ತುರುಕಿದೆ. ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕೂತೆವು. ಅವಳ ತುಟಿ ನೀಲಿಗಟ್ಟಿತ್ತು. ಬಾಯಿಗೆ ತಾಮ್ರದ ಚಮಚ ಇಟ್ಟ ಹಾಗಿದೆ, ಕಾಲು ನನ್ನವೇ ಅಲ್ಲ ಎನ್ನಿಸುತ್ತಿದೆ ಎಂದಳು. ಒಂದೊಂದು ಉಸಿರಿಗೂ ಎದೆ ಸೀಟಿ ಹೊಡೆಯುತ್ತಿತ್ತು. ಅದರ ಮಧ್ಯೆಯೂ ನನ್ನ ತೋಳು ಅಲುಗಿಸಿ ಕೇಳಿದಳು.

"ಸುದ್ದಿ ಹೇಳು. ಏನು ಸುದ್ದಿ?"

"ಮೊದಲು ಉಸಿರಾಡು. ಆಮೇಲೆ ಹೇಳ್ತೀನಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೇಳಲಿಲ್ಲ. ಅಂಥ ಸುಳ್ಳು ಹೇಳಿದ್ದಕ್ಕೆ ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಗೋಡೆಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಕಣ್ಣು ತೆರಿ ಎಂದು ಕೆನ್ನೆ ತಟ್ಟುತ್ತ, ಹಳೆಯ ಜಗಳಗಳನ್ನೆಲ್ಲ ಒಂದೊಂದಾಗಿ ನೆನಪಿಸುತ್ತ ಕೂತೆ, ಯಾವುದಾದರೊಂದಕ್ಕೆ ಸಿಟ್ಟು ಬಂದು ಎಚ್ಚರವಾಗಿರಲಿ ಎಂದು. ಆಂಬುಲೆನ್ಸಿನವರು ಹಿಮ ಒದರಿಕೊಂಡು ಹತ್ತಿ ಬರುವವರೆಗೂ ಮಾತು ನಿಲ್ಲಿಸಲಿಲ್ಲ.

ಡಾಕ್ಟರು ಇಂಥದ್ದನ್ನು ಕಂಡವರಲ್ಲ. ಈ ಊರಲ್ಲಿ ಕಡಲ ವಿಷಕ್ಕೆ ಮದ್ದು ಮಾಡಿದವರು ಯಾರಿದ್ದಾರೆ? ಶೋಲ್ಪಾನ್ ಬಸ್ಸಿಳಿದು ನಡೆದೇ ಬಂದು ಅಲ್ಮಾಟಿಯವರ ಸಂದೇಶ ತೋರಿಸಿದಳು. ಆಮ್ಲಜನಕ ಹಾಕಿದರು. ನನಗೂ ಕೆಮ್ಮಿಗೆ ಏನೋ ಚುಚ್ಚಿ ಮನೆಗೆ ಕಳಿಸಿದರು. ರಾತ್ರಿ ದಾಟಿದರೆ ಉಳಿಯುತ್ತಾರೆ ಎಂದಿದ್ದರು, ದಾಟಿತು. ಆದರೆ ಮಾರನೆಯ ದಿನವೂ ಅವಳು ಯಾರೊಂದಿಗೂ ಮಾತಾಡಲಿಲ್ಲ, ಊಟ ಮುಟ್ಟಲಿಲ್ಲ. ವರ್ಷದ ಊಟವನ್ನು ಮುಂದೆ ಹಾಕಿದೆವು. ಮುಲ್ಲಾ ಮನೆಗೆ ಬಂದು ಓದಿ ಹೋದರು.

ಕಜಾನನ್ನು ಕಲ್ಲು ಸಮೇತ ಮುಚ್ಚಿ ಕಟ್ಟಿ ಮುಖಗವಸಿನವರು ಬಂದು ಒಯ್ದರು. ಕಿಟಕಿಗೆ ಹಲಗೆ ಹೊಡೆಸಿದೆವು. ತೊಟ್ಟಿಗೆ ಶೋಲ್ಪಾನ್ ಮನೆಯಲ್ಲಿದ್ದ ರಜಾಯಿಗಳನ್ನೆಲ್ಲ ಸುತ್ತಿದ್ದಳು, ಗಂಡನ ಕೋಟನ್ನೂ ಬಿಟ್ಟಿರಲಿಲ್ಲ. ಒಂದು ಮೂಲೆ ಸರಿಸಿ ನೋಡಿದರೆ ಎರಡು ಮೀನೂ ಇದ್ದವು. ಹವಳ ಬಿಳುಚಿದ್ದರೂ ತುದಿಯಲ್ಲಿ ಬಣ್ಣ ಉಳಿದಿತ್ತು. ಕಲ್ಲು ಎತ್ತಿದ ಜಾಗ ಬರಿದಾಗಿತ್ತು. ಅದರ ಪಕ್ಕದ ಮರಳಿನಲ್ಲಿ ಏನೋ ಕಂಡಂತಾಯಿತು. ಭೂತಗನ್ನಡಿ ತಾ ಎಂದೆ. ಬಹಳ ಹೊತ್ತು ನೋಡಿದೆ. ಗುರುತು ತಪ್ಪುವ ಮಾತೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಕುಲ್ಯಾಶ್ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ಹೆಜ್ಜೆ ಅವಳಿಗೆ ಗೊತ್ತು.

"ಶಾಲು ತಗೊಂಡೆ" ಎಂದಳು, ತಿರುಗದೆ. "ಸುದ್ದಿ ಕೊಡ್ಲಿಲ್ಲ."

"ಸುದ್ದಿ ಇರ್ಲಿಲ್ಲ. ಬಾಗಿಲು ತೆಗೆಸ್ಬೇಕಿತ್ತು. ನೀನು ಬದುಕಿದ್ದೀಯ, ಅದನ್ನೇ ಸುದ್ದಿ ಅಂದ್ಕೋ."

"ಅದು ಒಳ್ಳೆ ಸುದ್ದಿ ಅಂತ ನಿನಗೆ ಯಾರು ಹೇಳಿದ್ರು?"

ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ಚೀಲದಿಂದ ಭೂತಗನ್ನಡಿ ತೆಗೆದು ಅವಳ ದಿಂಬಿನ ಮೇಲಿಟ್ಟೆ.

"ಇವತ್ತು ಇದೆ ಸುದ್ದಿ" ಎಂದೆ. "ನಾನು ಕಿತ್ತಿದ್ದೆನಲ್ಲ, ಆ ಹಸಿರು ಗರಿ. ಅದು ಮತ್ತೆ ಬಂದಿದೆ. ಉಗುರಿನಷ್ಟಿದೆ."

ಅವಳು ನಿಧಾನವಾಗಿ ಈ ಕಡೆ ಹೊರಳಿದಳು.

"ಬಳ್ಳಿ ಸಮೇತ ಕಿತ್ತಿದ್ದೆ ನೀನು. ನಾನೇ ನೋಡಿದೀನಿ."

"ಕಿತ್ತಿದ್ದೆ. ಒಂದು ಚೂರು ಮರಳಲ್ಲಿ ಉಳಿದಿರ್ಬೇಕು. ಎರಡು ಎಲೆ, ಎರಡೂ ಹಸಿರು. ಮೊನ್ನೆಯ ಚಳಿಗೂ ಬಾಡಿಲ್ಲ."

ಕಳೆ ಮತ್ತೆ ಚಿಗುರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ತಡೆಯದಿದ್ದರೆ ಮುಂದಿನ ಚಳಿಗಾಲದೊಳಗೆ ತೊಟ್ಟಿಯೆಲ್ಲ ಅದರದೇ ಆಗುತ್ತದೆ. ಇದನ್ನು ಒಂದು ಗಂಟೆ ಪಾಠ ಮಾಡಬಲ್ಲೆ. ಮಾಡಲಿಲ್ಲ. ಕುಲ್ಯಾಶ್ ಕನ್ನಡಿಯನ್ನು ಎದೆಯ ಮೇಲಿಟ್ಟುಕೊಂಡು ಸೀಲಿಂಗ್ ನೋಡುತ್ತಿದ್ದಳು. ಕಣ್ಣಿನ ನೀರು ಕಿವಿಯ ಕಡೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ ಕೈ ನೀಡಿ ನನ್ನ ಹೆಗಲ ಮೇಲಿದ್ದ ಅವಳದೇ ಶಾಲಿನ ಅಂಚನ್ನು ಸರಿಪಡಿಸಿದಳು.

"ಇಟ್ಕೋ" ಎಂದಳು. "ಕೀಳಬೇಡ ಅದನ್ನ."

"ಕೀಳಲ್ಲ" ಎಂದೆ.

ಆಮೇಲೆ ಹಸಿವಾಗುತ್ತಿದೆ, ಅವರ ಗಂಜಿ ಎಲ್ಲಿಟ್ಟಿದ್ದಾರೆ ನೋಡು ಎಂದಳು. ನಾನು ಎದ್ದು ಗಂಜಿ ಹುಡುಕಲು ಹೋದೆ.